ಆಯ್ಕೆ, ಸಂದರ್ಭ, ಸ್ವಾರಸ್ಯ

ಮೈಸೂರಿನಲ್ಲಿ ಎಂಟನೇ ಕ್ಲಾಸು ಮುಗಿಸಿ ಇಲ್ಲಿ ಅಮೆರಿಕದಲ್ಲಿ ಒಂಬತ್ತಕ್ಕೆ ಸೇರಿದ ನನ್ನ ಮಗಳು ಮೊದಲ ಎಸ್ಸೇಯನ್ನು ಬಲು ಶ್ರದ್ಧೆಯಿಂದ ಬರೆದುಕೊಟ್ಟಳು. ಎರಡೇ ದಿನಕ್ಕೆ ಟೀಚರಿಂದ ಇಮೇಲ್: ಮೂರು ಪ್ಯಾರಾ ಅವಳ ಬರಹವಲ್ಲ, ಬಂದು ಮಾತಾಡಿ. "ಬುಕ್ಕಲ್ಲಿ ಇರೋದನ್ನ ಕರೆಕ್ಟಾಗೇ ಬರ್ದಿದೀನಲ್ಲಮ್ಮಾ" ಅಂತ ಅವಳು ಅತ್ತಳು. ಸುಳ್ಳಲ್ಲ. ಗೈಡಿನ ಸಾಲನ್ನು ಚಾಚೂ ತಪ್ಪದೆ ಇಳಿಸಿ ನಾವೂ ಮಾರ್ಕ್ಸ್ ತೆಗೆದವರೇ. ಇಲ್ಲಿ ಅದಕ್ಕೆ ಪ್ಲೇಜಿಯರಿಸಂ ಅನ್ನುತ್ತಾರೆ, ಕಳವಿಗೆ ಸಮ.

ಆಮೇಲೆ ಅವಳು ಇನ್ನೊಂದು ತುದಿಗೆ ಹೋದಳು. ಹಾರ್ಪರ್ ಲೀ ಅವರ 1960ರ ಕಾದಂಬರಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಬಗ್ಗೆ ಬರೆಯುವಾಗ ಸಾಲುಗಳನ್ನು ಉದ್ಧರಣ ಚಿಹ್ನೆಯೊಳಗೆ ಸಾಲಾಗಿ ನಿಲ್ಲಿಸಿಬಿಟ್ಟಳು. ಟೀಚರು ಪಕ್ಕದಲ್ಲಿ ಬರೆದದ್ದು ಎರಡೇ ಪದ: "ಸೋ ವಾಟ್?"

ಅದನ್ನು ನೋಡಿ ನನಗೆ ಹೈಸ್ಕೂಲಿನ ಕನ್ನಡ ಪ್ರಶ್ನೆಪತ್ರಿಕೆ ನೆನಪಾಯಿತು. "ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ." ಉತ್ತರಕ್ಕೆ ಮೂರು ಭಾಗ. ಆಯ್ಕೆ ಅಂದರೆ ಯಾರು ಬರೆದದ್ದು, ಎಲ್ಲಿಂದ. ಸಂದರ್ಭ ಅಂದರೆ ಯಾರು ಯಾರಿಗೆ ಯಾವಾಗ ಹೇಳಿದ್ದು. ಕೊನೆಗೆ ಸ್ವಾರಸ್ಯ, ಅಂದರೆ ಈ ಮಾತಿನಲ್ಲೇನಿದೆ ಅನ್ನುವುದು. ಟೀಚರ "ಸೋ ವಾಟ್" ಕೇಳುತ್ತಿದ್ದದ್ದು ಈ ಸ್ವಾರಸ್ಯವನ್ನೇ! ಕೂತು ಒಂದು ಸಾಲನ್ನು ತಿದ್ದಿದೆವು. ಶಾಲೆಯ ಮೊದಲ ದಿನವೇ ಟೀಚರ ಹತ್ತಿರ ಬೈಸಿಕೊಂಡು ಬಂದ ಕಾದಂಬರಿಯ ಹುಡುಗಿ ಸ್ಕೌಟ್‌ಗೆ ಅಪ್ಪ ಆಟಿಕಸ್ ಬುದ್ಧಿ ಹೇಳುವ ಜಾಗ ಅದು. ಮೊದಲು ಇಷ್ಟನ್ನು ಅವಳೇ ಹೇಳಿದಳು, ಆಮೇಲೆ ಆಟಿಕಸ್‌ನ ಅರ್ಧ ವಾಕ್ಯ, ಪುಟಸಂಖ್ಯೆ. ಅದರ ಹಿಂದೆಯೇ, ಈ ಬುದ್ಧಿಮಾತು ಮುಂದೆ ಸ್ಕೌಟ್‌ಗೆ ಎಲ್ಲಿ ಒದಗಿತು ಅಂತ ತನ್ನದೇ ಎರಡು ವಾಕ್ಯ. ಹೇಳಿದ ರೀತಿಯೇ ಮುಖ್ಯವಾದಾಗ ಮಾತ್ರ ಹೀಗೆ ಉದ್ಧರಿಸುವುದು. ಬರೀ ಮಾಹಿತಿ ಬೇಕಿದ್ದರೆ ಸ್ವಂತ ಮಾತಿನಲ್ಲಿ ಹೇಳಿದರೆ ಸಾಕು, ಅದೇ ಪ್ಯಾರಾಫ್ರೇಸ್.

ಮಕ್ಕಳು ಹೆಚ್ಚು ಎಡವುವುದು ಈ ಪ್ಯಾರಾಫ್ರೇಸಿನಲ್ಲಿ. ಇತಿಹಾಸದ ಪುಸ್ತಕದಲ್ಲಿ ಹೀಗಿದೆ ಅಂದುಕೊಳ್ಳಿ: "1825ರಲ್ಲಿ ಈರೀ ಕಾಲುವೆ ತೆರೆದ ಮೇಲೆ ಸಾಗಣೆಯ ಖರ್ಚು ಇಳಿದು ನ್ಯೂಯಾರ್ಕ್ ಬಂದರಿನ ವ್ಯಾಪಾರ ಬೆಳೆಯಿತು." ಮಗು ಬರೆಯುತ್ತದೆ: "1825ರಲ್ಲಿ ಈರೀ ಕಾಲುವೆ ಶುರುವಾದ ನಂತರ ಸಾಗಾಟದ ವೆಚ್ಚ ತಗ್ಗಿ ನ್ಯೂಯಾರ್ಕ್ ರೇವಿನ ವಹಿವಾಟು ಹೆಚ್ಚಿತು." ಅಂಗಿ ಬದಲಾಯಿತು, ಆಸಾಮಿ ಅವನೇ. ಇದೂ ಕಳವಿನ ಲೆಕ್ಕಕ್ಕೇ ಹೋಗುತ್ತದೆ. "ನ್ಯೂಯಾರ್ಕ್ ಬಂದರು ಅಷ್ಟು ಬೆಳೆದದ್ದಕ್ಕೆ ಲೇಖಕರು ಕೊಡುವ ಕಾರಣ ಅಗ್ಗದ ಸಾಗಣೆ, 1825ರ ಈರೀ ಕಾಲುವೆಯಿಂದ ಅದು ಸಾಧ್ಯವಾಯಿತಂತೆ" ಅಂದರೆ ಸರಿ. ವಾಕ್ಯ ತನ್ನದಾದರೂ ವಿಷಯ ಲೇಖಕರದ್ದು, ಆದ್ದರಿಂದ ಅವರ ಹೆಸರು ಇಲ್ಲೂ ಬೇಕೇ ಬೇಕು.

ಇದಕ್ಕೆ ನಮ್ಮ ಮನೆಗಳಲ್ಲಿ ಒಂದು ಅನುಕೂಲವಿದೆ. ಪುಸ್ತಕ ಮುಚ್ಚಿಸಿ, ಓದಿದ್ದನ್ನು ಕನ್ನಡದಲ್ಲಿ ಹೇಳಿಸಿ. ಫೋನಿನಲ್ಲಿ ಅಜ್ಜಿಗೆ ಹೇಳಿದರೆ ಇನ್ನೂ ಒಳ್ಳೆಯದು. ಅಜ್ಜಿ ನಡುವೆ ಪ್ರಶ್ನೆ ಕೇಳುತ್ತಾರೆ. ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ಪುಸ್ತಕದ ವಾಕ್ಯ ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ತಾನಾಗಿ ಕಳಚಿರುತ್ತದೆ. ಕೊನೆಗೆ ಮೂಲದ ಜೊತೆ ಒಮ್ಮೆ ಹೋಲಿಸಿ, ಇಸವಿ, ಅಂಕಿ ಸರಿಯಿದೆಯೇ ನೋಡಿದರಾಯಿತು.

ಲೇಖಕರ ಹೆಸರು ಕೊಡುವುದಕ್ಕೂ ಒಂದು ಕ್ರಮವಿದೆ. ಇಂಗ್ಲಿಷ್ ತರಗತಿಯಲ್ಲಿ ಸಾಮಾನ್ಯವಾಗಿ ಎಂಎಲ್‌ಎ ಶೈಲಿ, ಅಂದರೆ ಕಂಸದಲ್ಲಿ ಲೇಖಕರ ಹೆಸರು ಮತ್ತು ಪುಟ. ಸೈಕಾಲಜಿಯಂಥ ವಿಷಯಕ್ಕೆ ಎಪಿಎ. ಅದರಲ್ಲಿ ಇಸವಿಯೂ ಬೇಕು. ಯಾವುದೆಂದು ಟೀಚರನ್ನೇ ಕೇಳಿ. ಪರ್ಡ್ಯೂ ವಿಶ್ವವಿದ್ಯಾಲಯದ 'ಔಲ್' ತಾಣದಲ್ಲಿ ಎರಡರ ಮಾದರಿಗಳೂ ಪುಕ್ಕಟೆ ಸಿಗುತ್ತವೆ.

ಬರಹದ ಹೋಲಿಕೆ ಹುಡುಕುವ ಟರ್ನಿಟಿನ್ ತಂತ್ರಾಂಶ ತೋರಿಸುವ ಶೇಕಡಾವಾರು ನೋಡಿ ಮಗುವನ್ನು ಬೈಯಬೇಡಿ. ಸರಿಯಾಗಿ ಉದ್ಧರಿಸಿದ ಸಾಲನ್ನೂ ಅದು ಹೋಲಿಕೆಯೆಂದೇ ಎಣಿಸಬಹುದು. ರಿಪೋರ್ಟ್ ತೆರೆದು, ಬಣ್ಣ ಬಳಿದ ಒಂದೊಂದು ಸಾಲಿಗೂ ಉದ್ಧರಣ ಚಿಹ್ನೆ, ಹೆಸರು ಇದೆಯೇ ಅಂತ ಜೊತೆಯಲ್ಲಿ ಕೂತು ನೋಡಿ. ನಮ್ಮ ಮನೆಯಲ್ಲಿ ಈಗ ಆ ಕೆಲಸ ಮಗಳೇ ಮಾಡಿಕೊಳ್ಳುತ್ತಾಳೆ. ನಾನು ಅಡುಗೆಮನೆಯಿಂದ "ಸ್ವಾರಸ್ಯ ಬರ್ದೆಯೇನೇ?" ಅಂತ ಕೂಗಿದರೆ, "ಬರ್ದೆ, ಎರಡು ಲೈನು" ಅನ್ನುತ್ತಾಳೆ.