ಗುದಸೀಳಿಗೆ ಕಾರಣಗಳು

ವ್ಯವಸಾಯದ ಪತ್ರಿಕೆಯಲ್ಲಿ ದೇಹದ ವ್ಯಾಧಿಯೊಂದನ್ನು ವಿವರಿಸುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಇದರ ಮೂಲವು ಬಹುಮಟ್ಟಿಗೆ ನಾವು ಉಣ್ಣುವ ಧಾನ್ಯದಲ್ಲಿಯೂ ಕೂಲಿ ಮಾಡಿಸುವ ಕ್ರಮದಲ್ಲಿಯೂ ಇರುವುದರಿಂದ, ಗ್ರಾಮದ ಯಜಮಾನರೂ ಜಮೀನುದಾರರೂ ಇದನ್ನು ಅರಿತಿರುವುದು ಅವಶ್ಯಕ.

ಗುದದ್ವಾರದ ಒಳಪೊರೆಯು ಹರಿದು ಆಗುವ ಗಾಯವೇ ಗುದಸೀಳು. ಆಯುರ್ವೇದದಲ್ಲಿ ಇದಕ್ಕೆ ಪರಿಕರ್ತಿಕಾ ಎಂದು ಹೆಸರು. ಮಲವಿಸರ್ಜನೆಯ ವೇಳೆ ಕೊಯ್ದಂತಹ ನೋವು, ಅನಂತರವೂ ಬಹಳ ಹೊತ್ತು ಉರಿ, ಕೆಲವು ತೊಟ್ಟು ಕೆಂಪು ರಕ್ತ, ಇವು ಲಕ್ಷಣಗಳು. ಹಳ್ಳಿಗಳಲ್ಲಿ ಇದನ್ನು ಮೂಲವ್ಯಾಧಿಯೆಂದೇ ಭಾವಿಸುವರು. ಮೂಲವ್ಯಾಧಿಯು ರಕ್ತನಾಳಗಳ ಊತ, ಇದಾದರೋ ಗಾಯ.

ಮುಖ್ಯ ಕಾರಣವು ಗಟ್ಟಿಯಾದ ಮಲ ಮತ್ತು ಅದನ್ನು ಹೊರಹಾಕಲು ಮುಕ್ಕುವುದು. ಮಲವು ಗಟ್ಟಿಯಾಗುವುದಕ್ಕೆ ಮೂರು ಹೇತುಗಳುಂಟು.

1. ಆಹಾರದಲ್ಲಿ ನಾರಿನ ಕೊರತೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರುಂಟು. ಅಷ್ಟೇ ತೂಕದ ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಿಮೆ.

2. ನೀರನ್ನು ಸಾಕಷ್ಟು ಕುಡಿಯದಿರುವುದು.

3. ಮಲಬಾಧೆಯನ್ನು ತಡೆಯುವುದು. ಗೆಂಡೆಹಳ್ಳಿಯೇ ಮೊದಲಾದ ಬೇಲೂರು ಸೀಮೆಯ ಹಳ್ಳಿಗಳಲ್ಲಿ ಕಾಫಿ ಕೊಯ್ಲಿನ ಕೆಲಸಕ್ಕೆ ಬರುವ ಹೆಂಗಸರು ದಿನವಿಡೀ ತೋಟದಲ್ಲಿರಬೇಕು. ಮರೆಯಾದ ಸ್ಥಳವಿಲ್ಲದಿದ್ದರೆ ಅವರು ಬಾಧೆಯನ್ನು ತಡೆಯುವರು. ಹೊರಗೆ ಹೋಗಬೇಕಾದೀತೆಂದು ನೀರನ್ನೂ ಕುಡಿಯರು. ತಡೆದ ಮಲದಿಂದ ದೊಡ್ಡ ಕರುಳು ನೀರನ್ನು ಹೀರುತ್ತಲೇ ಇರುವುದರಿಂದ ಅದು ಕಲ್ಲಿನಂತಾಗುವುದು.

ಒಮ್ಮೆ ಸೀಳು ಬಿದ್ದರೆ ನೋವಿಗೆ ಅಂಜಿ ರೋಗಿಯು ಮತ್ತಷ್ಟು ತಡೆಯುವನು. ಗುದದ ಸ್ನಾಯು ಬಿಗಿದುಕೊಂಡು ಗಾಯಕ್ಕೆ ರಕ್ತಸಂಚಾರವು ತಗ್ಗುವುದು, ಗಾಯವು ಮಾಯದು. ಬಹುದಿನದ ಭೇದಿ ಮತ್ತು ಹೆರಿಗೆಗಳಿಂದಲೂ, ಅಪರೂಪವಾಗಿ ಕ್ಷಯ ಮೊದಲಾದ ರೋಗಗಳಿಂದಲೂ ಸೀಳು ಉಂಟಾಗಬಹುದು.

ನಿವಾರಣೆಯ ಉಪಾಯಗಳು ಸುಲಭವಾದವು. ರಾಗಿಯೊಡನೆ ಅಕ್ಕಡಿ ಸಾಲಿನಲ್ಲಿ ಅವರೆಯನ್ನೂ, ಹಿತ್ತಲಿನಲ್ಲಿ ಸೊಪ್ಪು ತರಕಾರಿಗಳನ್ನೂ ಬೆಳೆದು ಉಣ್ಣತಕ್ಕದ್ದು. ನಾರನ್ನು ಕ್ರಮೇಣ ಹೆಚ್ಚಿಸಿ, ಜೊತೆಗೆ ನೀರನ್ನೂ ಹೆಚ್ಚಿಸಬೇಕು. ಹೊಸ ಗಾಯವಿದ್ದವರು ದಿನಕ್ಕೆ ಎರಡು ಮೂರು ಸಲ 10 ರಿಂದ 15 ನಿಮಿಷ ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಕುಳಿತರೆ ಸ್ನಾಯು ಸಡಿಲಗೊಂಡು ನೋವು ತಗ್ಗುವುದು. ಸಂತೆಯಲ್ಲಿ ಮಾರುವ ಸುಡುಮದ್ದುಗಳನ್ನು ಹಚ್ಚಕೂಡದು. ರಕ್ತವು ಪದೇ ಪದೇ ಕಂಡರೂ, ಗಾಯವು ಕೆಲವು ವಾರಗಳಲ್ಲಿ ಮಾಯದಿದ್ದರೂ, ನಾಚಿಕೆಪಡದೆ ಬೇಲೂರಿನ ತಾಲ್ಲೂಕು ಆಸ್ಪತ್ರೆಗೆ ಹೋಗತಕ್ಕದ್ದು. ಕರುಳಿನ ಅರ್ಬುದದಲ್ಲಿಯೂ ರಕ್ತ ಹೋಗುವುದುಂಟು.

ಕೂಲಿಯವರು ತಮ್ಮ ಊಟವನ್ನು ತಾವೇ ತಿದ್ದಿಕೊಳ್ಳಬಲ್ಲರು. ತೋಟದಲ್ಲಿ ಕುಡಿಯುವ ನೀರನ್ನೂ ಪಾಯಿಖಾನೆಯನ್ನೂ ಒದಗಿಸುವುದು ಅವರ ಕೈಯಲ್ಲಿಲ್ಲ. ಅದು ಯಜಮಾನನ ಹೊಣೆ. ಮುಂದಿನ ಕೊಯ್ಲಿಗೆ ಬುಟ್ಟಿ ಚೀಲಗಳನ್ನು ಸಿದ್ಧಪಡಿಸುವಾಗ ಇವೆರಡನ್ನೂ ಸಿದ್ಧಪಡಿಸತಕ್ಕದ್ದು.