ಗೌರಿ ಹೂವಿನ ಬಳ್ಳಿ: ಗುರುತು ಮತ್ತು ಬೇಸಾಯ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆ ಸೀಮೆಯಲ್ಲಿ ಜೋಳ ತೊಗರಿಗಳನ್ನು ಅರಿಯದ ರೈತನಿಲ್ಲ. ಮಳೆಗಾಲದಲ್ಲಿ ಬೇಲಿಯ ಪೊದೆಗಳೊಳಗೆ ತಾನಾಗಿ ಏಳುವ ಗೌರಿ ಹೂವಿನ ಬಳ್ಳಿಯನ್ನು ಬಲ್ಲವರಾದರೋ ವಿರಳ. ಇದಕ್ಕೆ ಅಗ್ನಿಶಿಖೆ, ಲಾಂಗಲಿ ಎಂಬ ಹೆಸರುಗಳೂ ಉಂಟು.

ಎಲೆಯ ತುದಿಯೇ ಸುರುಳಿಯಾಗಿ ಆಸರೆಯನ್ನು ಹಿಡಿಯುವುದು. ಹೂವಿನ ಆರು ಎಸಳುಗಳು ಅಲೆಯಂಚಿನವಾಗಿ ಹಿಂದಕ್ಕೆ ಮಡಿಚಿ, ಮೊದಲು ಹಳದಿಯಾಗಿದ್ದು ಬರಬರುತ್ತ ಕೆಂಪಾಗುವುವು. ಗಡ್ಡೆಯು ನೇಗಿಲಿನಂತೆ ಬಾಗಿರುವುದರಿಂದಲೇ ಲಾಂಗಲಿ ಎಂದರು.

ಗಿಡವೆಲ್ಲವೂ ವಿಷ, ಗಡ್ಡೆಯಂತೂ ಘೋರವಾದುದು. ಗೆಣಸೆಂದು ಭ್ರಮಿಸಿ ತಿಂದು ಪ್ರಾಣ ಕಳೆದುಕೊಂಡವರುಂಟು. ತಿಂದ ಕೆಲವು ತಾಸುಗಳಲ್ಲಿ ವಾಂತಿ ಭೇದಿಗಳು ತೋರುವುವು. ಅವು ನಿಂತರೂ ಅಪಾಯ ಕಳೆಯಿತೆಂದು ತಿಳಿಯಲಾಗದು. ವಾಂತಿಗಾಗಿ ಕಾಯದೆ, ರೋಗಿಯನ್ನು ಗಡ್ಡೆಯ ತುಂಡಿನೊಡನೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಊರಿನ ಹಿರಿಯರು ಹೊಲದಾಳುಗಳಿಗೂ ದನಗಾಹಿ ಹುಡುಗರಿಗೂ ಬಳ್ಳಿಯನ್ನು ಕಣ್ಣಾರೆ ತೋರಿಸುವುದು ಅವಶ್ಯ.

ಈ ವಿಷದಲ್ಲಿರುವ ಕಾಲ್ಚಿಸಿನ್ ಎಂಬ ಸತ್ವವು ವಾತರಕ್ತಕ್ಕೆ ಔಷಧ. ಅದಕ್ಕಾಗಿಯೇ ತಮಿಳುನಾಡಿನ ರೈತರು ಬೀಜಕ್ಕೋಸ್ಕರ ಇದನ್ನು ಬೆಳೆಯುತ್ತಾರೆ.

ನೀರು ನಿಲ್ಲುವ ಎರೆಯಲ್ಲಿ ಗಡ್ಡೆ ಕೊಳೆಯುವುದು. ನೀರು ಬಸಿಯುವ ಮಸಾರಿಯೇ ಲೇಸು. ಗಡ್ಡೆಯ ತುದಿಯಲ್ಲಿ ಮಾತ್ರ ಕಣ್ಣಿರುವುದರಿಂದ ಅದು ಮುರಿದರೆ ಮೊಳೆಯದು. ಜೂನ್ ಜುಲೈ ತಿಂಗಳಲ್ಲಿ ನೆಟ್ಟು, ಹಂದರ ಹಾಕತಕ್ಕದ್ದು. ಹೂವಿನ ಶಲಾಕೆಯು ಪಕ್ಕಕ್ಕೆ ಬಾಗಿ ಪರಾಗದಿಂದ ದೂರವಿರುವುದರಿಂದ, ಬೆಳಗಿನಲ್ಲಿ ಕೈಯಿಂದ ಪರಾಗ ತಾಗಿಸಿದರೆ ಕಾಯಿ ಹೆಚ್ಚುವುದು. ಬಲಿತ ಕಾಯಿಗಳನ್ನು ನೆರಳಿನಲ್ಲಿ ಒಣಗಿಸಿ, ಬೀಜಗಳನ್ನು ಬೇರ್ಪಡಿಸಿ, ಧಾನ್ಯದ ಕೋಣೆಯಿಂದ ದೂರ ಬೀಗದೊಳಗೆ ಇಡತಕ್ಕದ್ದು.