ತುಂಗಾ ಇನ್ನೂ ಕುಂಟುತ್ತಿದ್ದಾಳೆ

ಪ್ರಶ್ನೆ: ನನಗೆ 27 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ. ಚಿಕ್ಕಂದಿನಿಂದಲೂ ಕುದುರೆಯ ಹುಚ್ಚು. ಕಳೆದ ವರ್ಷ ಕೂಡಿಟ್ಟ ಹಣದಲ್ಲಿ, ರೇಸ್‌ನಿಂದ ಬಿಡಿಸಿದ ನಾಲ್ಕು ವರ್ಷದ ಹೆಣ್ಣು ಕುದುರೆಯೊಂದನ್ನು ಕೊಂಡೆ. ಹೆಸರು ತುಂಗಾ. ಎರಡೇ ತಿಂಗಳಲ್ಲಿ ಮುಂದಿನ ಬಲಗಾಲು ಕುಂಟತೊಡಗಿತು. ವಿಶ್ರಾಂತಿ ಕೊಟ್ಟರೆ ಸರಿಯಾಗುತ್ತಾಳೆ, ಸವಾರಿ ಶುರು ಮಾಡಿದರೆ ಮತ್ತೆ ಅದೇ ಕತೆ. ಲಾಳ ಬದಲಾಯಿಸಿದ್ದಾಯಿತು. ಎಕ್ಸ್‌ರೇ ನೋಡಿ ‘ಮೂಳೆಯಲ್ಲಿ ಏನೂ ಇಲ್ಲ’ ಎಂದರು. ದಿನಾ ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಲಾಯಕ್ಕೆ ಹೋಗಿ, ಸಿಮೆಂಟ್ ನೆಲದ ಮೇಲೆ ಓಡಿಸಿ ನೋಡುತ್ತೇನೆ. ಕುಂಟಿದರೆ ನನ್ನ ಇಡೀ ದಿನ ಹಾಳು. ‘ಕುಂಟು ಕುದುರೆಗೆ ಸಂಬಳ ಸುರೀತಿದ್ದೀಯ’ ಅಂತಾರೆ ಅಪ್ಪ. ಲಾಯದಲ್ಲಿ ಒಬ್ಬರು ‘ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡಿ’ ಎಂದರು. ಅವತ್ತಿನಿಂದ ನಿದ್ದೆಯಿಲ್ಲ. ಅವಳ ಕಾಲು ಕೆಡಿಸಿದ್ದು ನಾನೇನಾ? ಬೇರೆ ಕುದುರೆ ಹತ್ತಲೂ ಮನಸ್ಸು ಬರುತ್ತಿಲ್ಲ.
– ಹೆಸರು ಬೇಡ, ಮೈಸೂರು

ಉತ್ತರ: ಕಾಲು ಮುರಿದಿದ್ದರೆ ಒಂದು ಸಲ ಅತ್ತು ಮುಂದಿನದನ್ನು ಯೋಚಿಸುತ್ತಿದ್ದಿರಿ. ನಿಮ್ಮ ಪಾಡು ಬೇರೆ. ಎರಡು ವಾರ ಚೆನ್ನಾಗಿ ನಡೆದವಳು ಒಂದು ಬೆಳಿಗ್ಗೆ ಮತ್ತೆ ಕುಂಟಿದಾಗ, ಅಷ್ಟು ದಿನ ಕಟ್ಟಿಕೊಂಡ ಆಸೆಯೂ ಕುಸಿಯುತ್ತದೆ. ಮನೆಯಲ್ಲಿ ಪೂರ್ತಿ ವಾಸಿಯೂ ಆಗದ, ಹೆಚ್ಚೂ ಆಗದ ಕಾಯಿಲೆಯವರನ್ನು ನೋಡಿಕೊಳ್ಳುವವರಿಗೆಲ್ಲ ಈ ದಣಿವು ಗೊತ್ತು. ‘ಒಂದು ಪ್ರಾಣಿಗೆ ಇಷ್ಟೊಂದಾ?’ ಎಂದು ಕೇಳುವವರಿಗೆ ನೀವು ಲೆಕ್ಕ ಒಪ್ಪಿಸಬೇಕಾಗಿಲ್ಲ.

ನಿಮ್ಮನ್ನು ಹೆಚ್ಚು ಕೊರೆಯುತ್ತಿರುವ ಪ್ರಶ್ನೆಯನ್ನೇ ಮೊದಲು ನೋಡೋಣ. ನಾನು ಪಶುವೈದ್ಯಳಲ್ಲ, ತುಂಗಾಳ ಕಾಲಿಗೆ ಏನಾಗಿದೆ ಎಂದು ಹೇಳಲಾರೆ. ಆದರೆ ಬಲ್ಲವರಿಂದ ಕೇಳಿ ತಿಳಿದದ್ದು ಇಷ್ಟು: ರೇಸ್ ಕುದುರೆಗಳ ತರಬೇತಿ ಎರಡು ವರ್ಷದೊಳಗೇ ಶುರುವಾಗುತ್ತದೆ. ಮುಂಗಾಲಿನ ಮಂಡಿಯ ಮೇಲಿನ ಮೂಳೆ ಬೆಳೆದು ಕೂಡಿಕೊಳ್ಳುವುದು ಸುಮಾರು ಎರಡೂವರೆ ವರ್ಷಕ್ಕೆ, ಬೆನ್ನುಮೂಳೆ ಇನ್ನೂ ತಡ. ನಿಮ್ಮ ಕೈಗೆ ಲಗಾಮು ಬರುವ ಮೊದಲೇ ಆ ಕಾಲು ಸಾಕಷ್ಟು ಓಡಿತ್ತು. ನಿಮ್ಮಿಂದಲೇ ಆಯಿತು ಎನ್ನಲು ಆಧಾರವಿಲ್ಲ. ಹಾಗಂತ ಹಳೆಯ ಮಾಲೀಕರನ್ನು ಶಪಿಸುತ್ತ ಕೂರುವುದೂ ಬೇಡ. ಅದೂ ನಿದ್ದೆಗೆಡಿಸುವ ಕೆಲಸವೇ.

ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬೆಳಗಿನ ಪರೀಕ್ಷೆ. ನೀವು ಏನು ನೋಡುತ್ತೀರಿ ಎಂದು ಊಹಿಸಬಲ್ಲೆ. ಸೈಸ ಹಗ್ಗ ಹಿಡಿದು ಓಡುತ್ತಾನೆ, ಕುಕ್ಕುಲೋಟದ ಟಕ್ ಟಕ್ ಸದ್ದಿಗೆ ನೀವು ಕಿವಿಗೊಡುತ್ತೀರಿ, ನೋವಿನ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೇಳುತ್ತದೆಯೇ ಎಂದು ಉಸಿರು ಬಿಗಿಹಿಡಿದು ನೋಡುತ್ತೀರಿ. ‘ಇವತ್ತು ಕಡಿಮೆ ಅನ್ನಿಸ್ತು’, ‘ಇಲ್ಲ, ನಿನ್ನೆಗಿಂತ ಜಾಸ್ತಿ’. ಇಂಥ ಒಂದೊಂದು ದಿನದ ಏರಿಳಿತದಿಂದ ವೈದ್ಯರಿಗೂ ಏನೂ ತಿಳಿಯುವುದಿಲ್ಲ. ಗೊರಸು ತಿಂಗಳಿಗೆ ಬೆಳೆಯುವುದೇ ಸುಮಾರು 6ರಿಂದ 10 ಮಿಲಿಮೀಟರ್. ಮುಂಭಾಗದ ಗೊರಸು ಮೇಲಿನಿಂದ ನೆಲದವರೆಗೆ ಹೊಸದಾಗಿ ಬರಲು ಒಂಬತ್ತರಿಂದ ಹನ್ನೆರಡು ತಿಂಗಳು ಬೇಕು. ಸ್ನಾಯುರಜ್ಜುವಿಗೆ ಪೆಟ್ಟಾಗಿದ್ದರೆ ಅದೂ ಹತ್ತಿರ ಹತ್ತಿರ ಅಷ್ಟೇ ಕಾಲ ತೆಗೆದುಕೊಳ್ಳುತ್ತದೆ. ತಿಂಗಳ ಲೆಕ್ಕದಲ್ಲಿ ನಡೆಯುವ ಕೆಲಸಕ್ಕೆ ನೀವು ದಿನಾ ಪರೀಕ್ಷೆ ಇಟ್ಟು, ದಿನಾ ನೀವೇ ಫೇಲಾಗುತ್ತಿದ್ದೀರಿ.

ಅದನ್ನು ನಿಲ್ಲಿಸಿ. ವಾರಕ್ಕೊಂದು ದಿನ, ಅದೇ ಹೊತ್ತಿಗೆ, ಅದೇ ನೆಲದ ಮೇಲೆ ಓಡಿಸಿ ಮೊಬೈಲಿನಲ್ಲಿ ವಿಡಿಯೋ ಮಾಡಿ ಇಡಿ. ಅಷ್ಟೂ ಓಡಿಸುವುದು ಬೇಡ ಎಂದು ವೈದ್ಯರು ಹೇಳಿದರೆ ಅದೇ ಅಂತಿಮ. ಉಳಿದ ದಿನ ಹೋಗಿ, ಮೈ ಉಜ್ಜಿ, ಗೊರಸು ಕೆರೆದು ಶುಚಿ ಮಾಡಿ, ಸುಮ್ಮನೆ ಅವಳ ಜೊತೆ ಇದ್ದು ಬನ್ನಿ. ದಿನಾ ನೋಡಬೇಕಾದ್ದು ಬೇರೆ ಇದೆ: ಇದ್ದಕ್ಕಿದ್ದಂತೆ ಕಾಲೂರಲು ಒಪ್ಪದಿದ್ದರೆ, ಗೊರಸು ಬಿಸಿಯಾಗಿದ್ದರೆ, ಮೇವು ಬಿಟ್ಟರೆ ಅಥವಾ ಎಡಗಾಲಿನ ಮೇಲೆಯೇ ಭಾರ ಹಾಕಿ ನಿಂತಿದ್ದರೆ ಅಂದೇ ವೈದ್ಯರನ್ನು ಕರೆಸಿ.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಎಂದರೆ ನೋವೇ ಇಲ್ಲ ಎಂದಲ್ಲ. ಅದರಲ್ಲಿ ಕಾಣುವುದು ಮುಖ್ಯವಾಗಿ ಮೂಳೆ. ರಜ್ಜು, ಅಸ್ಥಿಬಂಧದ ಪೆಟ್ಟು ಅದರಲ್ಲಿ ಸಿಗುವುದಿಲ್ಲ. ‘ಮರಗಟ್ಟಿಸುವ ಪರೀಕ್ಷೆ ಆಗಿದೆಯೇ?’ ಎಂದು ವೈದ್ಯರನ್ನು ಕೇಳಿ. ಗೊರಸಿನ ಹತ್ತಿರದ ನರಕ್ಕೆ ಮೊದಲು ಇಂಜೆಕ್ಷನ್ ಕೊಟ್ಟು, ಕೆಲವು ನಿಮಿಷ ಬಿಟ್ಟು ಓಡಿಸುತ್ತಾರೆ. ಕುಂಟು ಹೋಗದಿದ್ದರೆ ಸ್ವಲ್ಪ ಮೇಲಕ್ಕೆ. ಎಲ್ಲಿ ಮರಗಟ್ಟಿಸಿದಾಗ ಕುಂಟು ಮಾಯವಾಗುತ್ತದೋ ನೋವಿನ ಜಾಗ ಅಲ್ಲೇ ಎಲ್ಲೋ ಇದೆ. ಮುಂಗಾಲಿನ ಕುಂಟಿಗೆ ಹೆಚ್ಚಿನ ಸಲ ಕಾರಣ ಗೊರಸಿನ ಭಾಗದಲ್ಲೇ ಇರುತ್ತದಂತೆ. ಹಾಗಾಗಿ ಲಾಳ ಕಟ್ಟುವವರನ್ನೂ ವೈದ್ಯರನ್ನೂ ಒಂದೇ ದಿನ ಲಾಯಕ್ಕೆ ಕರೆಸಿ, ಇಬ್ಬರೂ ಒಟ್ಟಿಗೆ ನೋಡಲಿ. ಕಾರಣ ಸಿಗದಿದ್ದರೆ ಇನ್ನೊಬ್ಬ ಅಶ್ವವೈದ್ಯರ ಅಭಿಪ್ರಾಯ ಕೇಳಿ, ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ. ಇದರಿಂದ ನಿಮ್ಮ ವೈದ್ಯರಿಗೆ ಅವಮಾನವೇನೂ ಆಗದು.

ಇನ್ನು ದಾರಿಹೋಕರ ಸಲಹೆಗಳು. ನೋವಿನ ಪುಡಿ ಹಾಕಿ ಸವಾರಿ ಮಾಡಿ ಎನ್ನುವವರ ಮಾತು ಕೇಳಬೇಡಿ. ನೋವು ಅಡಗುತ್ತದೆ, ಗಾಯ ಬೆಳೆಯುತ್ತದೆ, ಹೆಚ್ಚು ದಿನ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. ‘ಹೆಣ್ಣಲ್ವಾ, ಮರಿ ಹಾಕಿಸಿ’ ಎನ್ನುವವರೂ ಸಿಗುತ್ತಾರೆ. ಗರ್ಭದ ಭಾರ ಹೊರುವುದೂ ಅದೇ ಕಾಲು ಎಂಬುದು ಅವರಿಗೆ ಹೊಳೆಯುವುದಿಲ್ಲ!

‘ಮಲಗಿಸಿಬಿಡಿ’ ಎಂದವರ ಮಾತಿಗೆ ಬರುತ್ತೇನೆ. ಅವರದು ದುರುದ್ದೇಶವಿರಲಿಕ್ಕಿಲ್ಲ, ಆದರೆ ಎರಡು ಪ್ರಶ್ನೆಗಳನ್ನು ಕಲಸಿಬಿಟ್ಟಿದ್ದಾರೆ. ತುಂಗಾ ಸವಾರಿಗೆ ಬರುತ್ತಾಳೆಯೇ ಎಂಬುದು ಒಂದು. ತುಂಗಾ ನೆಮ್ಮದಿಯಾಗಿದ್ದಾಳೆಯೇ ಎಂಬುದು ಇನ್ನೊಂದು. ತಿನ್ನುತ್ತಾಳೆ, ಮಲಗಿ ತಾನೇ ಏಳುತ್ತಾಳೆ, ನಿಂತಾಗ ನೋವಿಲ್ಲ, ಬಯಲಿಗೆ ಬಿಟ್ಟರೆ ಮೇಯುತ್ತಾಳೆ ಎಂದಾದರೆ ಆ ಮಾತು ಈಗ ಅಪ್ರಸ್ತುತ. ಮುಂದೆಂದಾದರೂ ನಿಂತಲ್ಲೂ ಬಿಡದ ನೋವು ಬಂದು, ಮದ್ದಿಗೂ ಬಗ್ಗದಿದ್ದರೆ ಆಗ ವೈದ್ಯರ ಜೊತೆ ಕೂತು ಮಾತಾಡುವ ವಿಷಯ ಅದು. ಅಂಥ ತೀರ್ಮಾನವೂ ಕ್ರೌರ್ಯವಾಗಬೇಕಿಲ್ಲ.

ಸವಾರಿಗೆ ಬಾರದೆಯೂ ಹೋಗಬಹುದು. ಇದನ್ನು ಮೆದುವಾಗಿ ಹೇಳುವ ದಾರಿ ನನಗೆ ತಿಳಿಯದು. ಅವಳ ಬೆನ್ನೇರಿ ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಹೋಗುವ ಚಿತ್ರವೋ ಸ್ಪರ್ಧೆಯ ಕನಸೋ ನಿಮ್ಮ ಮನಸ್ಸಿನಲ್ಲಿದ್ದಿರಬಹುದು. ನೀವು ಅಳುತ್ತಿರುವುದರಲ್ಲಿ ಒಂದು ಪಾಲು ಆ ಚಿತ್ರಕ್ಕಾಗಿ. ಅಳಿ, ಅದೂ ನಷ್ಟವೇ. ತುಂಗಾಗೆ ಮಾತ್ರ ಆ ಕನಸಿನ ಸುಳಿವಿಲ್ಲ. ನಿಮ್ಮ ನಿರೀಕ್ಷೆಗೆ ಮೋಸ ಮಾಡಿದೆ ಎಂಬ ಕೊರಗೂ ಅವಳಿಗಿಲ್ಲ.

ಅಪ್ಪನ ಮಾತು ಒರಟು. ಆದರೆ ಅದರೊಳಗಿರುವುದು ನಿಮ್ಮ ಮೇಲಿನ ಚಿಂತೆ ಎಂದೇ ನನ್ನ ಅನಿಸಿಕೆ. ತಿಂಗಳಿಗೆ ಇಷ್ಟು, ಇಂಥ ತಿಂಗಳವರೆಗೆ ಎಂದು ಒಂದು ಮಿತಿ ಬರೆದು ಅವರ ಮುಂದಿಡಿ. ಆ ತಿಂಗಳು ಬಂದಾಗ ಮತ್ತೆ ಕೂತು ನೋಡಿ. ಬೇಕಾದರೆ ಸವಾರಿಯಿಲ್ಲದೆ, ಮೇಯಲು ಬಿಟ್ಟು ಸಾಕುವ ಖರ್ಚು ಕಡಿಮೆಯ ಜಾಗ ಹುಡುಕಬಹುದು.

ನಿದ್ದೆಯಿಲ್ಲದ ಸ್ಥಿತಿ ಇನ್ನೂ ಎರಡು ವಾರ ಮುಂದುವರಿದರೆ, ಊಟ ಸೇರದಿದ್ದರೆ ಅಥವಾ ಬದುಕೇ ಬೇಡ ಎನ್ನಿಸಿದರೆ ತಡಮಾಡದೆ 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕುದುರೆಗಾಗಿ ಫೋನ್ ಮಾಡಿದೆ ಎಂದು ಅಲ್ಲಿ ಯಾರೂ ನಗುವುದಿಲ್ಲ.

ಕೊನೆಯದಾಗಿ, ಬೇರೆ ಕುದುರೆ ಹತ್ತುವ ವಿಷಯ. ಅದು ತುಂಗಾಗೆ ಮಾಡುವ ದ್ರೋಹವಲ್ಲ. ನಿಮಗೆ ಕುದುರೆಯ ಹುಚ್ಚು ಹಿಡಿದದ್ದು ಅವಳು ಬರುವುದಕ್ಕೂ ಮುಂಚೆ. ಲಾಯದಲ್ಲಿ ಯಾರಾದರೂ ತಮ್ಮ ಕುದುರೆ ಕೊಡುತ್ತೇನೆ ಎಂದರೆ ಈ ಭಾನುವಾರವೇ ಹತ್ತಿ. ಮುಗಿಸಿ ಬರುವಾಗ ತುಂಗಾಗೆ ಎರಡು ಕ್ಯಾರೆಟ್ ಕೊಟ್ಟು ಬನ್ನಿ.